ಗೋಡೆಯ ಮೇಲಿಲ್ಲದ ಮುಖ

"ಸರ್ವೇಕ್ಕ ಬಂದೀನವ್ವ. ಮನ್ಯಾಗ ಯಾರದಾರ?"

ಲಲಿತಾ ಅಂದು ಹೇಳಿದ ಎರಡನೆಯ ಸುಳ್ಳು ಅದು. ಮಾನ್ವಿಯಲ್ಲಿ ಗೆಳತಿಯ ಮಗುವಿನ ತೊಟ್ಟಿಲ ಕಾರ್ಯವಿದೆ ಎಂದು ಬೆಳಿಗ್ಗೆಯೇ ದೇವದುರ್ಗದಲ್ಲಿ ಗಂಡ ಅಂಬರೇಶನಿಗೆ ಮೊದಲನೆಯದನ್ನು ಹೇಳಿ ಬಂದಿದ್ದಳು. ಮಾನ್ವಿಯಲ್ಲಿ ಇಳಿದು ಒಂದು ಉದ್ದನೆಯ ನೋಟ್‌ಬುಕ್ ಕೊಂಡು, ಕಲ್ಲೂರಿನ ಬಸ್ಸು ಹತ್ತಿದ್ದಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಓಣಿಯ ತುದಿಯಲ್ಲಿ ತಾಸು ಹೊತ್ತು ಕಾದಿದ್ದಳು. ಈ ಮನೆಯಿಂದ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಹೊರಗೆ ಹೋದ ಮೇಲೆಯೇ ಬಾಗಿಲಿಗೆ ಬಂದಿದ್ದಳು.

ಬಾಗಿಲು ತೆರೆದ ಹುಡುಗಿಗೆ ಹತ್ತು ವರ್ಷವಿರಬಹುದು. ಎರಡು ಜಡೆ, ಕೈತುಂಬ ಜೋಳದ ಹಿಟ್ಟು. ಲಲಿತಾಳ ಮುಖವನ್ನೇ ನೋಡುತ್ತ ನಿಂತಳು. ಪಕ್ಕದ ಮನೆಯವಳಿರಬೇಕು ಅನ್ನಿಸಿತು ಲಲಿತಾಳಿಗೆ.

"ನಿಂಗರಾಜರ ಮಗಳು ಎಲ್ಲಿ? ಉಮಾಶ್ರೀ?"

"ನಾನ ಉಮಾಶ್ರೀರೀ."

ಲಲಿತಾ ತಲೆ ತಗ್ಗಿಸಿದಳು. ಪೆನ್ನು ಹುಡುಕುವವಳಂತೆ ಚೀಲದೊಳಗೆ ಬಹಳ ಹೊತ್ತು ಕೈಯಾಡಿಸಿದಳು.

"ಒಳಗ ಬರ್ರಿ."

ಹುಡುಗಿ ಕೈ ತೊಳೆದು ಚಾಪೆ ಹಾಸಿದಳು. ತಂಬಿಗೆಯಲ್ಲಿ ನೀರು ತಂದಿಟ್ಟಳು. ಯಾವ ಸರ್ವೇ, ಯಾವ ಆಫೀಸು, ಏನೂ ಕೇಳಲಿಲ್ಲ.

"ಅಪ್ಪ ರಾಯಚೂರಿಗೆ ಹೋಗ್ಯಾನ, ಅಕ್ಕಿ ಮಿಲ್ಲಿಗೆ. ತಮ್ಮಗ ಜ್ವರ ಬಂದಾವ, ಅವ್ವ ದವಾಖಾನಿಗೆ ಕರಕೊಂಡು ಹೋಗ್ಯಾಳ."

'ಅವ್ವ' ಎಂಬಲ್ಲಿ ಲಲಿತಾಳ ಪೆನ್ನು ನಿಂತಿತು.

ಎದುರಿನ ಗೋಡೆಯ ತುಂಬ ಫೋಟೋಗಳು. ಮೊಬೈಲಿನಲ್ಲಿ ತೆಗೆದವನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಗಾಜು ಕೂಡಿಸಿ, ಮಕ್ಕಳ ಕಣ್ಣಿಗೆ ಸಿಗುವಷ್ಟು ಕೆಳಗೆ ಮೊಳೆ ಹೊಡೆದು ತೂಗುಹಾಕಿದ್ದರು.

"ಎಲ್ಲಾರನ್ನೂ ಬರಕೋಬೇಕಲ್ರಿ? ತಡೀರಿ, ಹೇಳ್ತೀನಿ." ಹುಡುಗಿ ಒಂದೊಂದನ್ನೇ ಮುಟ್ಟುತ್ತ ಹೋದಳು. "ಇವ್ರು ಜಂಬಣ್ಣ ತಾತ. ನಾ ಹುಟ್ಟೂಕಿಂತ ಮೊದಲ ಹೋದ್ರು. ನನ್ನ ಮೂಗು ಇವರ್ದ ಅಂತ. ಇವ ತಮ್ಮ. ಇದು ನನಗ ಓಟದಾಗ ಬಹುಮಾನ ಬಂದದ್ದು. ಇಕಿ ನಮ್ಮವ್ವ, ವಿಜಯಶ್ರೀ."

ಲಲಿತಾ ಎಲ್ಲವನ್ನೂ ನೋಡಿದಳು. ವಿಜಯಶ್ರೀಯ ತೊಡೆಯ ಮೇಲೆ ಮೂರು ವರ್ಷದ ಉಮಾಶ್ರೀ. ವಿಜಯಶ್ರೀಯ ಕೈ ಹಿಡಿದು ಶಾಲೆಯ ಗೇಟಿನ ಮುಂದೆ ಉಮಾಶ್ರೀ. ಮತ್ತೆ ಮೇಲಿಂದ ಕೆಳಗೆ ನೋಡಿದಳು. ತನ್ನದು ಎಲ್ಲೂ ಇರಲಿಲ್ಲ.

ಎಂಟು ವರ್ಷದ ಹಿಂದೆ ಇದೇ ಮನೆಯಲ್ಲಿ ಎರಡು ವರ್ಷದ ಮಗಳನ್ನು ಮಲಗಿಸಿ, ಬಾಗಿಲು ಮುಂದೆ ಮಾಡಿ ಹೋದವಳು ಅವಳು. ನಿಂಗರಾಜ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಾಗಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಅಂಬರೇಶನ ಮೇಲೆ ಮನಸ್ಸಾಗಿತ್ತು, ಅಷ್ಟೆ. ಅವನಿಗೆ ಅವಳ ಮೊದಲ ಮದುವೆ ಗೊತ್ತು, ಮಗಳಿರುವುದು ಗೊತ್ತಿಲ್ಲ. ಸಿಕ್ಕಿಬೀಳುವ ಭಯಕ್ಕೆ ಮಗಳದೊಂದು ಫೋಟೋವನ್ನೂ ಅವಳು ಇಟ್ಟುಕೊಳ್ಳಲಿಲ್ಲ. ಮುಖ ಮರೆತೇ ಹೋಗಿತ್ತು. ಹೋದ ತಿಂಗಳು ರಾಯಚೂರಿನ ಡಾಕ್ಟರು ಇನ್ನು ನಿಮಗೆ ಮಕ್ಕಳಾಗುವುದಿಲ್ಲ ಎಂದ ಮೇಲಷ್ಟೇ, ಇದ್ದ ಮಗಳು ನೆನಪಾಗಿದ್ದಳು.

ಅದನ್ನು ತನಗೆ ತಾನೇ ಹೇಳಿಕೊಳ್ಳಲೂ ಅವಳಿಗೆ ನಾಚಿಕೆಯಾಯಿತು. ತನ್ನನ್ನು ಗೋಡೆಯಿಂದ ತೆಗೆದುಹಾಕಿದ್ದು ಸರಿಯೇ. ಮಗುವಿಗೆ ಒಬ್ಬ ತಾಯಿ ಸಿಕ್ಕಿದ್ದಾಳೆ. ಯಾರೆಂದು ಗೊತ್ತಾಗುವ ಮೊದಲೇ ಎದ್ದು ಹೋಗಬೇಕು.

"ಬರ್ತೀನವ್ವ. ಇನ್ನೂ ಮನಿಗಳು ಅದಾವ."

"ಉಂಡು ಹೋಗ್ರಿ. ರೊಟ್ಟಿ ಮಾಡಾಕತ್ತಿದ್ದೆ."

"ಒಲ್ಲೆವ್ವ."

"ಒಂದರ ತಿನ್ರಿ."

ಹುಡುಗಿ ಬಿಡಲಿಲ್ಲ. ತಾಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟು ಎದುರಿಗೆ ಕುಳಿತಳು. ಲಲಿತಾ ಮೇಲೆ ನೋಡದೆ ತಿಂದಳು. ಬಿಟ್ಟುಬಂದ ಮಗುವಿನ ಕೈಯ ಅನ್ನ, ಅದೂ ಸುಳ್ಳು ಹೇಳಿ ಉಣ್ಣುತ್ತಿದ್ದೇನೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ.

ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಹುಡುಗಿ ಹಿಂದೆಯೇ ಬಂದು ಹೊಸ್ತಿಲ ಮೇಲೆ ನಿಂತಳು. ದನಿ ಸಣ್ಣದಾಗಿತ್ತು.

"ನಿಮ್ಮ ಫೋಟೋ ಒಳಗ ನಾ ಮಲಗೂ ಕಡಿ ಅದರೀ, ನಮ್ಮವ್ವ ತಾನ ಹಾಕ್ಯಾಳ. ನೀವು ಎಂದಾರ ಬಂದ್ರ ಗುರ್ತು ಹಿಡೀಬೇಕು, ಉಣ್ಣಾಕ ನೀಡಬೇಕು, ಯಾಕ ಬಿಟ್ಟು ಹೋದ್ರಿ ಅಂತ ಮಾತ್ರ ಕೇಳಬಾರದು ಅಂತ ಹೇಳ್ಯಾಳ."