ಕುದುರೆಯ ಕೊನೆಯ ತಾಸು

ನೂರು ಮೈಲಿಯ ಸವಾರಿ ಪಂದ್ಯದಲ್ಲಿ ಸತ್ತ ಕುದುರೆಯ ಮೈಯೊಳಗೆ ಹೊಕ್ಕು, ಅದರ ಕೊನೆಯ ತಾಸನ್ನು ಅನುಭವಿಸಿ ವರದಿ ಬರೆಯುವುದು ನೀಲವ್ವಳ ನೌಕರಿ. ಜನ್ಮದಲ್ಲಿ ಕುದುರೆ ಏರದವರಿಗೆ, ಸವಾರರ ಸಂಘದ ಚಹಾ ಕೂಡ ಕುಡಿಯದವರಿಗೆ ಮಾತ್ರ ಆ ಕೆಲಸ. ಈವರೆಗೆ ಇಪ್ಪತ್ತೆರಡು ಕುದುರೆಗಳಾಗಿದ್ದವು. ಪ್ರತಿ ಸಲವೂ ದವಡೆ ಹರಿದಂತೆ, ಬೆನ್ನು ಮುರಿದಂತೆ ನರಳುತ್ತ ಏಳುತ್ತಿದ್ದಳು. ಅದಕ್ಕೇ ಗಂಡ ಗುರುಸಿದ್ದಪ್ಪ ಎಣ್ಣೆ ಬಿಸಿ ಮಾಡಿಕೊಂಡು ಪಕ್ಕದಲ್ಲೇ ಕೂರುತ್ತಿದ್ದ.

ಇವತ್ತು, ಕುದುರೆಯ ಮೈಯೊಳಗೆ ಹೊಗಿಸುವ ತಲೆಯ ಪಟ್ಟಿಯನ್ನು ನರಳದೆಯೇ ಬಿಚ್ಚಿಟ್ಟಳು.

“ಎಲ್ಲಿ ನೋಯಾಕತ್ತೈತಿ?” ಎಂದ ಅವನು.

“ಎದಿಯಾಗ ಒಮ್ಮೆ ಚಳಕ್ ಅಂತು, ಅಷ್ಟ. ಬೆನ್ನ ಮ್ಯಾಲ ಯಾರೂ ಇರಲಿಲ್ಲರೀ. ಬಾಯಾಗ ಬೆಲ್ಲ ಇತ್ತು.”

ಹೊರಗೆ ಬೆಂಚಿನ ಮೇಲೆ ಆ ಕುದುರೆಯ ಸವಾರ ಖಾಜೇಸಾಬ ತಲೆ ತಗ್ಗಿಸಿ ಕುಳಿತಿದ್ದ. ತಪ್ಪು ಅವನದೆಂದಾದರೆ ಇನ್ನೆಂದೂ ಲಗಾಮು ಮುಟ್ಟುವಂತಿಲ್ಲ. ವರದಿ ಮುಗಿಯುವ ತನಕ ಅವನೊಡನೆ ಯಾರೂ ಮಾತಾಡುವಂತಿಲ್ಲ.

‘ಎದೆಯ ರಕ್ತನಾಳ ಒಡೆದು ಸಾವು. ಸವಾರನ ತಪ್ಪಿಲ್ಲ’ ಎಂದು ಬರೆದು ನೀಲವ್ವ ಸಹಿ ಹಾಕಿದಳು. ಆಮೇಲೆ ಕಣ್ಣೊರೆಸಿಕೊಂಡಳು.

“ಎಣ್ಣಿ ಆರಾಕತ್ತೈತಿ,” ಎಂದ ಗುರುಸಿದ್ದಪ್ಪ.

“ಅದನ್ನ ಹೊರಗ ಕುಂತಾರಲ್ಲ, ಅವರ ಹೆಗಲಿಗೆ ಹಚ್ಚ್ರಿ. ಕುದುರಿ ದಣದದ್ದು ಕಂಡು ಜೀನು ಬಿಚ್ಚಿ, ತಾವ ಹೊತ್ಕೊಂಡು ಅದರ ಬಾಜೂಕ ನಡದಾರ. ಕುದುರಿ ಹೇಳಿ ಕಳಿಸೈತಿ ಅನ್ರಿ.”