ಚಂದ್ರನಿಲ್ಲದ ದ್ವೀಪದಿಂದ ಫೋನು

“ಬೀಪಾತುಮ್ಮನವರೇ, ಖೈತಾನ್‌ನಲ್ಲಿ ಚಂದ್ರ ಹುಟ್ಟಿದನೇ?”

ಫೋನಿನೊಳಗೆ ಗಾಳಿ ಬೀಸುವ ಸದ್ದು. ಅದರ ನಡುವಿನಿಂದ ಬಂದ ಧ್ವನಿ, ಕುವೈತಿನ ಈ ಖೈತಾನ್ ಬಡಾವಣೆಯಲ್ಲಿ ಅವಳ ಮೇಲಿನ ಮನೆಯಲ್ಲಿರುವ ಇಂಜಿನಿಯರ್ ಲಕ್ಷ್ಮೀನರಸಿಂಹ ಅವರದು. ಹೆಂಡತಿ ಪದ್ಮಮ್ಮನಿಗೆ ಹಿಮ ತೋರಿಸುತ್ತೇನೆಂದು ಹಡಗು ಹತ್ತಿಸಿಕೊಂಡು, ಭೂಮಿಯ ಉತ್ತರದ ತುದಿಯ ಯಾವುದೋ ದ್ವೀಪಕ್ಕೆ ಹೋದವರು. ಅಷ್ಟು ದೂರದಿಂದ ಫೋನ್ ಮಾಡಿ ಚಂದ್ರನ ಕ್ಷೇಮ ವಿಚಾರಿಸುತ್ತಿದ್ದಾರಲ್ಲ ಎಂದು ಬೀಪಾತುಮ್ಮನಿಗೆ ನಗು ಬಂತು.

“ಯಾಕೆ ಸಾರ್, ಅಲ್ಲಿ ಚಂದ್ರ ಇಲ್ವಾ?”

“ಇಲ್ಲ ಕಣಮ್ಮ! ಸೂರ್ಯ ಮುಳುಗೋದೇ ಇಲ್ಲ, ಚಂದ್ರ ಏಳೋದೇ ಇಲ್ಲ. ಇನ್ನೂ ನಾಕೈದು ದಿನ ಏಳೋಲ್ಲ ಅಂತ ಕ್ಯಾಪ್ಟನ್ನೇ ಹೇಳ್ದ. ಇವತ್ತು ಸಂಕಷ್ಟಿ. ಇವಳು ಬೆಳಗ್ಗಿನಿಂದ ಒಂದು ತೊಟ್ಟು ನೀರೂ ಮುಟ್ಟಿಲ್ಲ.”

ಬೀಪಾತುಮ್ಮನ ನಗು ನಿಂತಿತು. ಅವಳಿಗೆ ಎಲ್ಲವೂ ಗೊತ್ತು. ಲಕ್ಷ್ಮೀನರಸಿಂಹ ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ಪದ್ಮಮ್ಮ ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೊತ್ತಿದ್ದಳು. ಇದು ಕೊನೆಯದು. ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು, ಆಮೇಲೆಯೇ ಊಟ. ತಿಂಗಳು ತಿಂಗಳೂ ತಾರಸಿಯ ಮೇಲೆ ಅವಳಿಗೆ ಜೊತೆ ನಿಲ್ಲುತ್ತಿದ್ದವಳು ಬೀಪಾತುಮ್ಮನೇ. ರಂಜಾನಿನ ಎಳೆ ಚಂದ್ರನನ್ನು ಹುಡುಕುವಾಗ ಜೊತೆಗಿರುತ್ತಿದ್ದವಳು ಪದ್ಮಮ್ಮ. ಈ ಸಲ ಇಂಜಿನಿಯರರು ರಾಹುಕಾಲ, ಗುಳಿಕಕಾಲ ಎಲ್ಲ ನೋಡಿಯೇ ಹೊರಟಿದ್ದರು. ಆದರೆ ಪಂಚಾಂಗಕ್ಕೆ ಆ ದ್ವೀಪದ ಪರಿಚಯವಿರಲಿಲ್ಲ, ಪಾಪ.

ಲಕ್ಷ್ಮೀನರಸಿಂಹ ದನಿ ತಗ್ಗಿಸಿದರು. “ನಮ್ಮ ಒಲೆ ಇರೋ ಊರಲ್ಲಿ ಕಂಡ್ರೆ ನಮಗೂ ಕಂಡ ಹಾಗೇ ಅಂತಾಳೆ. ನೀವು ಹೇಳಿದ್ರೆ ನಂಬ್ತಾಳೆ. ಕಾಣಿಸ್ತು ಅಂದ್ಬಿಡಿ, ಮುಗೀತು.”

ಬೀಪಾತುಮ್ಮ ಕಿಟಕಿಯಾಚೆ ನೋಡಿದಳು. ಮಧ್ಯಾಹ್ನದಿಂದ ಬೀಸಿದ ಧೂಳುಗಾಳಿಗೆ ಎದುರಿನ ಅಂಗಡಿಯ ದೀಪವೇ ಸರಿಯಾಗಿ ಕಾಣುತ್ತಿರಲಿಲ್ಲ.

“ನೋಡದೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಸಾರ್. ಒಂದು ಗಂಟೆ ಬಿಟ್ಟು ಪುನಃ ಫೋನ್ ಮಾಡಿ.”

ಅಷ್ಟರಲ್ಲಿ ಪದ್ಮಮ್ಮ ಫೋನ್ ಕಿತ್ತುಕೊಂಡಳು. “ಬೀಪಾತುಮ್ಮ, ನೀವು ಬರಬೇಕಿತ್ತು ಕಣ್ರೀ! ಬೆಟ್ಟದ ಮೇಲೆಲ್ಲಾ ಸಕ್ಕರೆ ಸುರಿದ ಹಾಗಿದೆ. ನೀರಲ್ಲಿ ನೀಲಿ ಮಂಜುಗಡ್ಡೆ ತೇಲ್ತಾ ಬರುತ್ತೆ. ಮರ ಅನ್ನೋದು ಒಂದೂ ಇಲ್ಲ, ಹಕ್ಕಿಗಳೋ ಸಾವಿರಾರು!” ಹಸಿವಿನಿಂದ ಬಾಡಿದ ದನಿಯಲ್ಲೂ ಹಬ್ಬದ ಸಡಗರ. ಎಂಥ ಹೆಂಗಸಪ್ಪಾ ಎಂದು ಬೀಪಾತುಮ್ಮನಿಗೆ ಅಭಿಮಾನ ಉಕ್ಕಿಬಂತು.

ರಂಜಾನಿನ ಆ ದಿನದ ನೋಂಬಿನ ಉಪವಾಸ ಬಿಟ್ಟು, ನಮಾಜು ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ ಗಂಡ ಕಾಸಿಂ ಕುಂಞಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಹಸಿದವರ ಹೊಟ್ಟೆಗೋಸ್ಕರ ಒಂದು ಸುಳ್ಳು ಹೇಳಿದ್ರೆ ಏನಾಯ್ತು ಮಾರಾಯ್ತಿ?”

“ಪೆರ್ನಾಲ್ ಹಬ್ಬದ ಚಂದ್ರನನ್ನು ಯಾರಾದ್ರೂ ನೋಡದೆ ಕಂಡಿತು ಅಂದ್ರೆ ನೀವು ನೋಂಬು ಬಿಡ್ತೀರಾ?”

ಕಾಸಿಂ ಕುಂಞಿ ಎದ್ದು ಪಿಕಪ್ಪಿನ ಕೀಲಿ ತೆಗೆದುಕೊಂಡ. “ಇಲ್ಲಿ ಕಟ್ಟಡ, ಧೂಳು ಎರಡೂ ಅಡ್ಡ. ಫಿಂಟಾಸಿನ ಕಡಲ ದಂಡೆಗೆ ಹೋಗುವ. ಸಮುದ್ರದ ಮೇಲೆ ಕಂಡರೂ ಕಂಡೀತು. ಯಲ್ಲಾ, ಬೇಗ!”

ಫಿಂಟಾಸಿನ ದಂಡೆಯಲ್ಲಿ ಉಪ್ಪುಗಾಳಿ ಮುಖಕ್ಕೆ ರಾಚುತ್ತಿತ್ತು. ಸಮುದ್ರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯದಷ್ಟು ಮಬ್ಬು. ಬೀಪಾತುಮ್ಮ ತಲೆಯ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ಪೂರ್ವಕ್ಕೆ ನೋಡುತ್ತ ನಿಂತಳು. ಕಾಸಿಂ ಕುಂಞಿ ಎರಡು ಸಲ ಗಡಿಯಾರ ನೋಡಿದ, ಒಂದು ಸಲ ಗೊಣಗಿದ. ಹೊರಡಲೇಬೇಕು ಎಂದು ಅವನು ಗಾಡಿ ಸ್ಟಾರ್ಟ್ ಮಾಡಿದಾಗ ಮಬ್ಬಿನೊಳಗೆ ಒಂದು ಕೆಂಪು ಕಲೆ ಮೂಡಿತು. ನೋಡುತ್ತಿದ್ದಂತೆ ಅದಕ್ಕೆ ಅಂಚು ಬಂತು.

“ಅಲ್ಲಿ ನೋಡಿ! ನೀವೂ ನೋಡಿ!” ಎಂದು ಬೀಪಾತುಮ್ಮ ಗಂಡನ ತೋಳು ಜಗ್ಗಿದಳು. ಸಾಕ್ಷಿ ಎರಡಾಗಲಿ ಎಂದು.

ವಾಪಸು ಬಂದು ಮೆಟ್ಟಿಲು ಹತ್ತುವಾಗಲೇ ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಈ ಸಲ ಪದ್ಮಮ್ಮನದೇ ದನಿ.

“ಕಂಡಿತು ಪದ್ಮಮ್ಮ!” ಬೀಪಾತುಮ್ಮ ಏದುಸಿರಿನಲ್ಲೇ ಹೇಳಿದಳು.

“ನೀವೇ ನೋಡಿದ್ರಾ?”

“ನನ್ನ ಕಣ್ಣಾರೆ. ಇವರೂ ನೋಡಿದ್ದಾರೆ. ಕೆಂಪು ಕೆಂಪಗೆ, ಒಂದು ಬದಿ ಸ್ವಲ್ಪ ಸವೆದಿದ್ದಾನೆ.”

ಆ ಕಡೆ ಏನೋ ಗಡಿಬಿಡಿ. ಫೋನು ಲಕ್ಷ್ಮೀನರಸಿಂಹರ ಕೈಗೆ ಬಂತು. ಸ್ವಲ್ಪ ಹೊತ್ತು ಗಾಳಿಯ ಸದ್ದು ಮಾತ್ರ. ಆಮೇಲೆ ಅವರು ಮೆಲ್ಲಗೆ ಹೇಳಿದರು: “ಕುವೈತ್ ಯಾವ ದಿಕ್ಕು ಅಂತ ಕ್ಯಾಪ್ಟನ್‌ನ ಕೇಳಿದ್ಲು ಬೀಪಾತುಮ್ಮ. ಅವನು ದಿಕ್ಸೂಚಿ ನೋಡಿ ತೋರಿಸ್ದ. ಕಿಟಕಿಯಿಂದ ಕಾಣ್ತಿದೆ, ಡೆಕ್ ಮೇಲೆ ಆ ಕಡೆ ತಿರುಗಿ ಅರ್ಘ್ಯ ಬಿಡ್ತಿದಾಳೆ. ಪಕ್ಕದಲ್ಲಿರೋ ಬಿಳಿಯರೆಲ್ಲ ಟೋಪಿ ತೆಗೆದು ನಿಂತುಬಿಟ್ಟಿದಾರೆ.” ಆಮೇಲೆ ಸೇರಿಸಿದರು: “ಇನ್ನು ಊಟ ಮಾಡ್ತಾಳೆ.”

ಬೀಪಾತುಮ್ಮ ಫೋನ್ ಇಟ್ಟಳು. ದಿನಕ್ಕೆ ಐದು ಸಲ ಒಂದೇ ದಿಕ್ಕಿಗೆ ತಿರುಗುವ ಹೆಂಗಸು ಅವಳು. ಅಷ್ಟು ದೂರದಲ್ಲಿ ಒಬ್ಬರು ತನ್ನ ಮಾತನ್ನು ನಂಬಿ ತನ್ನೂರಿನ ಕಡೆಗೆ ತಿರುಗಿ ನಿಂತರಲ್ಲ ಎಂದು ಅವಳ ಮೈ ಜುಮ್ಮೆಂದಿತು.

“ಇವರೇ,” ಎಂದಳು ಗಂಡನಿಗೆ, “ಇಲ್ಲಿಂದ ಉತ್ತರ ಯಾವ ಕಡೆ?”

“ಯಾಕೆ?”

“ಅವರು ಉಣ್ಣುವಷ್ಟು ಹೊತ್ತು, ನಾವೂ ಆ ಕಡೆ ತಿರುಗಿ ಕೂತುಕೊಳ್ಳುವ.”