ಮೂರು ಸಲ "ಸೊಂಟ ನೋವು"

ಅದೇ ಫೈಲು... ಮತ್ತೆ ವಾಪಸ್ ಬಂದಿತ್ತು.

ತನುಜಾಗೆ ರೇಗಿ ಹೋಯಿತು.

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳು ಮೆಡಿಕಲ್ ಕೋಡರ್. ಡಾಕ್ಟರು ಬರೆದ ಕಾಯಿಲೆಗೆ ಸರಿಯಾದ ಕೋಡ್ ಹಾಕಿ ಇನ್ಶೂರೆನ್ಸ್ ಕಂಪನಿಗೆ ಕಳಿಸುವುದು ಅವಳ ಕೆಲಸ. ದಿನಕ್ಕೆ ಎಂಬತ್ತು ಫೈಲು ಮುಗಿಸಲೇಬೇಕು.

ಈ ಫೈಲು ಹಾಲಮ್ಮ ಎಂಬ ಬಸ್ ಕಂಡಕ್ಟರ್‌ದು. ವಯಸ್ಸು ಮೂವತ್ತಮೂರು.

ಸೊಂಟದ ಕೀಲಿಗೆ ಇಂಜೆಕ್ಷನ್ ಕೊಡಲು ಅನುಮತಿ ಕೇಳಿದರೆ, "ಬರೀ ಸೊಂಟ ನೋವಿಗೆ ಈ ಚಿಕಿತ್ಸೆ ಬೇಕಿಲ್ಲ" ಎಂದು ಕಂಪನಿ ತಳ್ಳಿಹಾಕಿತ್ತು.

ತನುಜಾ ಸ್ಕ್ಯಾನಿಂಗ್ ರಿಪೋರ್ಟ್ ತೆರೆದಳು. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲಿನಲ್ಲಿ, ಎರಡೂ ಕಡೆ ಉರಿಯೂತ... ಸ್ಪಷ್ಟವಾಗಿ ಬರೆದಿತ್ತು.

ಆದರೆ ಡಾಕ್ಟರ ಚೀಟಿಯಲ್ಲಿದ್ದದ್ದು ಎರಡೇ ಪದ. "ಸೊಂಟ ನೋವು."

ಡಾಕ್ಟರು ಬರೆಯದ ಕಾಯಿಲೆಗೆ ಕೋಡ್ ಹಾಕುವಂತಿಲ್ಲ. ಅವರನ್ನೇ ಕೇಳಬೇಕು. ಸೋಮವಾರ ಮೆಸೇಜ್ ಹಾಕಿದ್ದಳು... ಉತ್ತರವಿಲ್ಲ. ಬುಧವಾರ ಹಾಕಿದ್ದಳು... ಉತ್ತರವಿಲ್ಲ.

ಕೊನೆಗೆ ಫೋನ್ ಮಾಡಿದಳು.

"ಹೊರಗೆ ಅರವತ್ತು ಪೇಷಂಟ್ ಕೂತಿದ್ದಾರೆ ಕಣಮ್ಮಾ! ಯಾವುದೋ ಒಂದು ಕೋಡ್ ಹಾಕಿ ಕಳಿಸು!" ಫೋನ್ ಕಟ್ಟಾಯಿತು.

ಅಷ್ಟರಲ್ಲಿ ಹಾಲಮ್ಮನೇ ಕೌಂಟರಿಗೆ ಬಂದಳು. ಖಾಕಿ ಸಮವಸ್ತ್ರ... ಒಂದು ಕೈ ಸೊಂಟದ ಮೇಲೆ.

"ಕೂತ್ಕೊಳ್ಳಿ" ಎಂದಳು ತನುಜಾ.

"ಬ್ಯಾಡ್ರಿ ಮೇಡಂ... ಕುಂತ್ರೆ ಏಳಾಕಾಗಲ್ಲ."

ಫೈಲು ವಾಪಸ್ ಬಂದಿದೆ ಎಂದು ಕೇಳಿ ಹಾಲಮ್ಮ ಕೂಗಾಡಲಿಲ್ಲ. ನಿಧಾನವಾಗಿ ಹೇಳಿದಳು...

"ಬೆಳಿಗ್ಗೆ ಹಾಸಿಗೆಯಿಂದ ಏಳಾಕೆ ಒಂದು ತಾಸು ಬೇಕ್ರಿ. ಬಸ್ಸಲ್ಲಿ ಓಡಾಡ್ತಾ ಓಡಾಡ್ತಾ ಕಡಿಮೆ ಆಗ್ತೈತಿ. ಅದನ್ನ ನೋಡಿ ಡಿಪೋದಾಗೆ ನಗ್ತಾರೆ. ಬೆಳಗಿನ ಡ್ಯೂಟಿ ತಪ್ಪಿಸ್ಕೊಳ್ಳಾಕೆ ನಾಟಕ ಅಂತಾರೆ. ನಿಮ್ಮ ಕಾಗದ ತೋರ್ಸಿದ್ರೆ, ‘ಸೊಂಟ ನೋವು ತಾನೇ, ನಮಗೂ ಐತಿ’ ಅಂತಾರೆ..."

ಅವಳು ಸೊಂಟದ ಮೇಲಿನ ಕೈ ಬದಲಿಸಿ ಕೌಂಟರಿಗೆ ಒರಗಿದಳು.

"ಈಗೀಗ ನನಗೇ ಡೌಟು ಬರ್ತೈತ್ರಿ ಮೇಡಂ... ನಾನೇ ನಾಟಕ ಮಾಡ್ತಿದೀನಾ ಅಂತ."

ತನುಜಾಳ ಸಿಟ್ಟು ನೆತ್ತಿಗೇರಿತು. ಡಾಕ್ಟರ ಬೇಜವಾಬ್ದಾರಿಯನ್ನು ತೋರಿಸಿಯೇ ಬಿಡುತ್ತೇನೆ ಎಂದು ಎರಡು ವರ್ಷದ ಹಳೆಯ ದಾಖಲೆಗಳನ್ನೆಲ್ಲ ತೆರೆದಳು.

ಹಿಂದೆ ಮೂರು ಸಲ ಬಂದಿದ್ದಳು ಹಾಲಮ್ಮ. ಮೂರು ಸಲವೂ ನರ್ಸ್ ಬರೆದಿದ್ದರು... "ಬೆಳಿಗ್ಗೆ ಒಂದು ತಾಸು ಬಿಗಿತ, ನಡೆದಾಡಿದರೆ ಕಡಿಮೆ."

ಮೂರು ಸಲವೂ ಕೋಡ್ ಒಂದೇ. ಸೊಂಟ ನೋವು.

ಕೆಳಗೆ ಕೋಡರ್ ಹೆಸರಿತ್ತು...

ತನುಜಾ. ತನುಜಾ. ತನುಜಾ.

ಆಗಲೇ ಡಾಕ್ಟರಿಗೆ ಒಂದು ಪ್ರಶ್ನೆ ಕೇಳಬಹುದಿತ್ತು. ಎಂಬತ್ತು ಫೈಲಿನ ಅವಸರದಲ್ಲಿ ಕೇಳಿರಲಿಲ್ಲ. ಈ ಹೆಂಗಸಿನ ಮುಖವೂ ಅವಳಿಗೆ ಗೊತ್ತಿರಲಿಲ್ಲ.

ಕಾಗದಗಳನ್ನು ಪ್ರಿಂಟ್ ತೆಗೆದು ಸೀದಾ ಡಾಕ್ಟರ ಕೋಣೆಗೆ ನಡೆದಳು.

"ಮತ್ತೆ ನೀನೇನಾ?" ಡಾಕ್ಟರು ಗದರಿದರು.

"ಸರ್, ನನ್ನದೂ ತಪ್ಪಿದೆ. ಮೂರು ಸಲ ಕೇಳದೇ ಮುಗಿಸಿದೀನಿ. ನಾಲ್ಕನೇ ಸಲ ನನ್ನ ಕೈಲಾಗಲ್ಲ. ದಯವಿಟ್ಟು ಇದನ್ನ ಒಂದ್ಸಲ ಓದಿ."

ಡಾಕ್ಟರು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವರನ್ನ ಒಳಗೆ ಕರಿ" ಎಂದರು ಮೆಲ್ಲಗೆ.

ಪರೀಕ್ಷೆ ಮುಗಿದ ಮೇಲೆ ತಾವೇ ಚೀಟಿ ಬರೆದರು. "ಸ್ಯಾಕ್ರೋಇಲಿಯೈಟಿಸ್", ಅಂದರೆ ಸೊಂಟದ ಕೀಲಿನ ಉರಿಯೂತ. ಕೀಲುವಾತದ ತಜ್ಞರಿಗೂ ಒಂದು ಪತ್ರ ಕೊಟ್ಟರು.

ಹೊರಗೆ ಬಂದು ಹಾಲಮ್ಮ ಆ ಪದದ ಮೇಲೆ ಬೆರಳಿಟ್ಟಳು.

"ಇದು ನನ್ನ ಕಾಯಿಲೆ ಹೆಸರೇನ್ರಿ?"

"ಹೌದಕ್ಕ. ಓಡಾಡಿದ್ರೆ ಕಡಿಮೆ ಆಗೋದೂ ಈ ಕಾಯಿಲೆ ಲಕ್ಷಣವೇ ಅಂತೆ."

"ಅಂದ್ರೆ... ನಾಟಕ ಅಲ್ಲ..."

ಅಷ್ಟು ಹೊತ್ತು ತಡೆದಿದ್ದವಳು ಕೌಂಟರಿಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು.

ತನುಜಾ ಮುಚ್ಚಿಡಲಿಲ್ಲ. "ಅಕ್ಕಾ... ಎರಡು ವರ್ಷದಿಂದ ಸೊಂಟ ನೋವು ಅಂತ ಹಾಕಿದ್ದು ನಾನೇ. ಕ್ಷಮಿಸಿ."

ಹಾಲಮ್ಮ ಅವಳನ್ನೇ ನೋಡಿದಳು.

"ಎರಡು ವರ್ಷ ಮೇಡಂ" ಎಂದಳು. ಖಾಕಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಇನ್ನೊಬ್ರಿಗೆ ಹಿಂಗ್ ಮಾಡಬ್ಯಾಡ್ರಿ."

ತನುಜಾ ಹೊಸ ಕೋಡ್ ಹಾಕಿ ಫೈಲನ್ನು ಮತ್ತೆ ಕಳಿಸಿದಳು. ನಾಲ್ಕನೇ ದಿನ ಕಂಪನಿಯ ಅನುಮತಿ ಬಂತು. ಹಾಲಮ್ಮನಿಗೆ ಚಿಕಿತ್ಸೆ ಶುರುವಾಯಿತು.

ಆ ವಾರ ತನುಜಾ ಏಳು ಫೈಲುಗಳ ಬಗ್ಗೆ ಡಾಕ್ಟರುಗಳಿಗೆ ಪ್ರಶ್ನೆ ಕಳಿಸಿದಳು. ಉತ್ತರ ಬಂದದ್ದು ಎರಡಕ್ಕೆ ಮಾತ್ರ...

ಉಳಿದ ಐದಕ್ಕೆ ಅವಳು ಮತ್ತೆ ಕಳಿಸಿದಳು.

*ನಾವು ಬೇಗ ಮುಗಿಸಿದ ಕೆಲಸದ ನೋವನ್ನು ಯಾರೋ ವರ್ಷಗಟ್ಟಲೆ ಅನುಭವಿಸುತ್ತಿರುತ್ತಾರೆ.*

ಇವತ್ತು ನೀವು "ಅಯ್ಯೋ, ಅಷ್ಟೇ ತಾನೇ" ಎಂದು ಯಾರ ಮಾತನ್ನು ಪಕ್ಕಕ್ಕೆ ಸರಿಸಿದಿರಿ?